ಓದುಗರ ಪ್ರಶ್ನೆ: ಕಾಣದ ಅಕ್ಷರ ಅಳಿಸುವ ಮೊದಲು

ಪ್ರಶ್ನೆ: ಬೇರೆ ಬೇರೆ ಜಾಲತಾಣಗಳಿಂದ ಕಾಪಿ ಮಾಡಿದ ಪುಸ್ತಕಗಳ ಹೆಸರುಗಳನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಒಂದೇ ಫೈಲಿಗೆ ಹಾಕಿದ್ದೇನೆ. 'ಕನ್ನಡ ನಿಘಂಟು' ಎಂದು ಹುಡುಕಿದರೆ ಕಣ್ಣೆದುರಿಗೇ ಇರುವ ಕೆಲವು ಸಿಗುವುದಿಲ್ಲ. ಅಡಗಿರುವ ಅಕ್ಷರಗಳನ್ನೆಲ್ಲ ಒಟ್ಟಿಗೇ ತೆಗೆಯುವುದು ಹೇಗೆ?
– ಓದುಗರು, ಹಾಸನ

ಉತ್ತರ: ಎಲ್ಲವನ್ನೂ ತೆಗೆಯಬೇಡಿ. ಕನ್ನಡಕ್ಕೆ ಎರಡು ಬೇಕೇ ಬೇಕು. 'ಸಾಫ್ಟ್‌ವೇರ್' ನಡುವೆ 200ಸಿ ಎಂಬ ಕೋಡಿನ ಅಕ್ಷರವಿದೆ. ಅದನ್ನು ಕಿತ್ತರೆ 'ಸಾಫ್ಟ್ವೇರ್' ಆಗುತ್ತದೆ. 'ರ‍್ಯಾಂಕ್'ನಲ್ಲಿರುವುದು 200ಡಿ, ಅದು ಹೋದರೆ ರಕಾರ ಅರ್ಕಾವತ್ತಾಗಿ 'ರ್ಯಾಂಕ್' ಉಳಿಯುತ್ತದೆ. ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಮೂಲ ಪಟ್ಟಿ) ಅಲ್ಲದ್ದನ್ನೆಲ್ಲ ಅಳಿಸುವ ಪ್ಲಗಿನ್‌ಗಳ ತಂಟೆಗಂತೂ ಹೋಗಲೇಬೇಡಿ, ಕನ್ನಡವೇ ಪೂರ್ತಿ ಮಾಯವಾಗುತ್ತದೆ!

ಫೈಲಿನ ಒಂದು ಪ್ರತಿ ಇಟ್ಟುಕೊಂಡು ಕಂಟ್ರೋಲ್-ಎಚ್ ಒತ್ತಿ, ಕೆಳಗೆ 'ರೆಗ್ಯುಲರ್ ಎಕ್ಸ್‌ಪ್ರೆಷನ್' ಆರಿಸಿ. ಹುಡುಕುವ ಜಾಗದಲ್ಲಿ ಬ್ಯಾಕ್‌ಸ್ಲ್ಯಾಷ್, ಸಣ್ಣ ಎಕ್ಸ್, ಆಮೇಲೆ ಫ್ಲವರ್ ಬ್ರಾಕೆಟ್ ಒಳಗೆ ಕೋಡ್ ಬರೆಯಿರಿ. ಇಲ್ಲಿ ಕೊಟ್ಟಿರುವ ಅಕ್ಷರಗಳನ್ನು ಇಂಗ್ಲಿಷಿನಲ್ಲೇ, ನಡುವೆ ಜಾಗ ಬಿಡದೆ ಟೈಪಿಸಬೇಕು.

ನಿಮ್ಮ ತೊಂದರೆಗೆ ಹೆಚ್ಚಾಗಿ ಕಾರಣ 00ಎ0. ನೋಡಲು ಸ್ಪೇಸ್, ಕೋಡ್ ಮಾತ್ರ ಬೇರೆ. ಇದನ್ನು ಖಾಲಿಯಿಂದ ಬದಲಿಸಿದರೆ 'ಕನ್ನಡನಿಘಂಟು' ಎಂದು ಅಂಟಿಕೊಳ್ಳುತ್ತದೆ; ಒಂದು ಮಾಮೂಲಿ ಸ್ಪೇಸ್ ಕೊಡಿ. ಅಗಲವೇ ಇಲ್ಲದ 200ಬಿ ಸಿಕ್ಕರೆ ಅದನ್ನು ಖಾಲಿಯಿಂದ ಬದಲಿಸಿ.

ಇನ್ನು 'ಬಸ್‌' ಥರದ ಪದಗಳ ಕೊನೆಗೆ ವೃಥಾ ಕೂತಿರುವ 200ಸಿ. ಇದರಿಂದಲೇ ಎ-ಝಡ್ ವಿಂಗಡಣೆಯಲ್ಲಿ ಒಂದೇ ಪದ ಎರಡು ಕಡೆ ಬರುವುದು. ಬ್ರಾಕೆಟ್ ಮುಚ್ಚಿದ ಮೇಲೆ ಒಂದು ಸ್ಪೇಸ್ ಸೇರಿಸಿ ಹುಡುಕಿ, ಬರೀ ಸ್ಪೇಸ್‌ನಿಂದ ಬದಲಿಸಿ. ಸಾಲಿನ ಕೊನೆಯಲ್ಲಿರುವುದಕ್ಕೆ ಸ್ಪೇಸ್ ಬದಲು ಡಾಲರ್ ಚಿಹ್ನೆ ಹಾಕಿ, ಖಾಲಿಯಿಂದ ಬದಲಿಸಿ. 00ಎ0 ಕೆಲಸ ಮೊದಲೇ ಮುಗಿದಿರಲಿ, ಇಲ್ಲದಿದ್ದರೆ ಆ ನಕಲಿ ಸ್ಪೇಸ್‌ಗೆ ಮೊದಲು ಕೂತಿರುವ 200ಸಿಗಳು ತಪ್ಪಿಸಿಕೊಳ್ಳುತ್ತವೆ.

ಪ್ರಶ್ನೆ: ಸಿಎಸ್‌ವಿ ಫೈಲಿನ ಮೊದಲ ಕಾಲಂ ಹೆಸರು ಮಾತ್ರ ನನ್ನ ಪ್ರೋಗ್ರಾಂಗೆ ಸಿಗುತ್ತಿಲ್ಲ. ಏಕೆ?
– ಓದುಗರು, ಶಿವಮೊಗ್ಗ

ಉತ್ತರ: ಫೈಲಿನ ತಲೆಯಲ್ಲಿ 'ಬಾಮ್', ಅಂದರೆ ಫೈಲಿನ ಎನ್‌ಕೋಡಿಂಗ್ ತಿಳಿಸುವ ಕಾಣದ ಗುರುತು, ಇರಬೇಕು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಫೈಲು ತೆರೆದು, ಕೆಳಗಿನ ಪಟ್ಟಿಯಲ್ಲಿ 'ಯುಟಿಎಫ್-8-ಬಾಮ್' ಎಂದಿದೆಯೇ ನೋಡಿ. ಹುಡುಕಿದರೆ ಅದು ಸಿಗದು. 'ಎನ್‌ಕೋಡಿಂಗ್' ಮೆನುವಿನಲ್ಲಿ 'ಕನ್ವರ್ಟ್ ಟು ಯುಟಿಎಫ್-8' ಒತ್ತಿ ಸೇವ್ ಮಾಡಿ. ಅದೇ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುವವರಿದ್ದರೆ ಬಾಮ್ ಇರುವ ಪ್ರತಿಯನ್ನೂ ಉಳಿಸಿ. ಅದಿಲ್ಲದೆ ಅಲ್ಲಿ ಕನ್ನಡ ಕಲಸುಮೇಲೋಗರವಾಗಿ ಕಾಣುವುದುಂಟು.