ಮಳೆಮಾಪಕದ ಡ್ರೈವರ್ 32-ಬಿಟ್ ಪ್ರೋಗ್ರಾಂಗೆ ಮಾತ್ರ ಎರರ್ ಕೊಡುವುದು ಯಾಕೆ?

ನಿಮ್ಮ ಪ್ರಶ್ನೆ ಇದು ಅಲ್ವಾ: ಸೋಮವಾರಪೇಟೆಯ ತೋಟದ ಮಳೆಮಾಪಕಕ್ಕೆ ಲಿನಕ್ಸ್ ಡ್ರೈವರ್ (ಸಾಧನವನ್ನು ಲಿನಕ್ಸ್‌ಗೆ ಜೋಡಿಸುವ ಕೋಡ್) ಬರೆದಿದ್ದೀರಿ. ಇಂಟೆಲ್ ಮಷೀನಿನಲ್ಲಿ 64-ಬಿಟ್ ಪ್ರೋಗ್ರಾಂ ಓದುತ್ತದೆ, ಹಳೆಯ 32-ಬಿಟ್ ಪ್ರೋಗ್ರಾಂಗೆ ಇನೋಟಿಟಿವೈ (ENOTTY, ಈ ಕಮಾಂಡ್ ಗೊತ್ತಿಲ್ಲ ಎನ್ನುವ) ಎರರ್ ಬರುತ್ತದೆ. ಪ್ರೋಗ್ರಾಂ ಡ್ರೈವರ್‌ಗೆ ಕಮಾಂಡ್ ಕಳಿಸುವ ದಾರಿ ಐಓಸಿಟಿಎಲ್ (ioctl); 64-ಬಿಟ್ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು) 32-ಬಿಟ್ ಪ್ರೋಗ್ರಾಂಗಳಿಗೆ ಬೇಕಾದ ಅದರ ಕಂಪ್ಯಾಟ್ ರೂಪವನ್ನೂ ಜೋಡಿಸಿದ್ದೀರಿ. ರಾಸ್ಪ್‌ಬೆರಿ ಪೈ ಎಂಬ ಆರ್ಮ್ ಪ್ರೊಸೆಸರಿನ ಪುಟ್ಟ ಕಂಪ್ಯೂಟರಿನಲ್ಲಿ ಮಾತ್ರ ಎರಡೂ ಸರಿ.

ಮಡಿಕೇರಿಯಲ್ಲಿ ಕೂತು ನಾನು ಮಾಡುವುದೂ ಇದೇ ಕೆಲಸ. ತೊಂದರೆ ಇರುವುದು ಮಾಹಿತಿಯನ್ನು ಸಾಲಾಗಿ ಜೋಡಿಸುವ ನಿಮ್ಮ ಸ್ಟ್ರಕ್ಟ್‌ನಲ್ಲಿ. ಮೊದಲು ಮಾಪಕದ ನಂಬರ್, ಯು32 (4 ಬೈಟಿನ ಸಂಖ್ಯೆ). ಆಮೇಲೆ ಸಮಯ, ಯು64 (8 ಬೈಟಿನ ಸಂಖ್ಯೆ). ಕೊನೆಗೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಮಳೆ ಎನ್ನುವ ಯು32. 64-ಬಿಟ್‌ನಲ್ಲಿ ಯು64 ಎಂಟರ ಗಡಿಯಲ್ಲೇ (ಎಂಟರಿಂದ ಭಾಗವಾಗುವ ಜಾಗದಲ್ಲೇ) ಕೂರಬೇಕು. ಹಾಗಾಗಿ ನಂಬರ್ ಆದಮೇಲೆ 4 ಬೈಟ್ ಖಾಲಿ, ಕೊನೆಯಲ್ಲೂ 4 ಖಾಲಿ, ಒಟ್ಟು 24. 32-ಬಿಟ್ ಇಂಟೆಲ್‌ನಲ್ಲಿ ನಾಲ್ಕರ ಗಡಿ ಸಾಕು, ಒಟ್ಟು 16. ಐಓಸಿಟಿಎಲ್ ಕಮಾಂಡ್ ನಂಬರಿನೊಳಗೇ ಸ್ಟ್ರಕ್ಟ್‌ನ ಅಳತೆ ಸೇರಿರುತ್ತದೆ. ಅಳತೆ ಬದಲಾದರೆ ನಂಬರೇ ಬೇರೆ, ಡ್ರೈವರ್‌ಗೆ ಗುರುತು ಸಿಗುವುದಿಲ್ಲ. 32-ಬಿಟ್ ಆರ್ಮ್‌ನಲ್ಲೂ ಯು64ಗೆ ಎಂಟರ ಗಡಿಯೇ, ಅದಕ್ಕೇ ಪೈಯಲ್ಲಿ ಏನೂ ಗೊತ್ತಾಗಲಿಲ್ಲ.

ಎರರ್ ಬಂದದ್ದೇ ಒಳ್ಳೆಯದಾಯಿತು. ನಂಬರನ್ನು ಅಳತೆ ಸೇರಿಸದೆ ಕೈಯಾರೆ ಬರೆದಿದ್ದರೆ, ಪ್ರೋಗ್ರಾಂ ಇಟ್ಟ 16 ಬೈಟಿನ ಜಾಗಕ್ಕೆ ಕರ್ನಲ್ 24 ಬೈಟ್ ಬರೆದುಬಿಡುತ್ತಿತ್ತು.

ಸಮಯವನ್ನು ಮೊದಲು ಇಡಿ, ಯು32 ಎರಡೂ ಅದರ ಹಿಂದೆ. ಎಲ್ಲ ಕಡೆ 16 ಬೈಟ್, ಖಾಲಿ ಜಾಗವೇ ಇಲ್ಲ. ಸಮಯಕ್ಕೆ ಎಲ್ಲ ಕಡೆ ಎಂಟರ ಗಡಿಯಲ್ಲೇ ಕೂರುವ ಅಲೈನ್ಡ್ ಯು64 ಬಳಸಿ, ನಾಳೆ ಈ ಸ್ಟ್ರಕ್ಟ್ ಇನ್ನೊಂದರೊಳಗೆ ಸೇರಿದರೂ ಜಾಗ ಕದಲುವುದಿಲ್ಲ. ಪಾಹೋಲ್ ಟೂಲ್ ಓಡಿಸಿದರೆ ಎಲ್ಲೆಲ್ಲಿ ಖಾಲಿ ಇದೆ ಎಂದು ಕಣ್ಣಿಗೇ ಕಾಣುತ್ತದೆ. ಪ್ಯಾಕ್ಡ್ (ಖಾಲಿ ಜಾಗ ಬಿಡಬೇಡ ಎನ್ನುವ ಗುರುತು) ಹಾಕಿ ಎಂದು ಹಲವರು ಹೇಳುತ್ತಾರೆ, ನಾನು ಹಾಕುವುದಿಲ್ಲ. ಅಳತೆ ಕೂಡಿಬರುತ್ತದೆ ನಿಜ, ಆದರೆ ಕೆಲವು ಪ್ರೊಸೆಸರ್‌ಗಳಲ್ಲಿ ಒಂದೊಂದೇ ಬೈಟ್ ಓದುವ ಕೋಡ್ ಹುಟ್ಟುತ್ತದೆ. 32-ಬಿಟ್‌ನಲ್ಲಿ 4, 64-ಬಿಟ್‌ನಲ್ಲಿ 8 ಬೈಟ್ ಆಗುವ ಲಾಂಗ್ ಬೇಡವೇ ಬೇಡ, ಪಾಯಿಂಟರ್ (ಮೆಮೊರಿ ವಿಳಾಸ) ಇದ್ದರೆ ಯು64 ಆಗಿ ಕಳಿಸಿ.

ಖಾಲಿ ಜಾಗ ಬಿಡಲೇಬೇಕಾದರೆ ಅದಕ್ಕೊಂದು ಹೆಸರಿಟ್ಟು ಸೊನ್ನೆ ತುಂಬಿ. ಸುಮ್ನೆ ಬಿಟ್ಟರೆ ಕರ್ನಲ್ ಮೆಮೊರಿಯ ಹಳೆಯ ಬೈಟ್‌ಗಳು ಹೊರಗೆ ಸೋರುತ್ತವೆ.

ಒಂದನ್ನು ಜಾಸ್ತಿ ಗಮನಿಸಿ. ಹೊಸ ಸ್ಟ್ರಕ್ಟ್ 16 ಬೈಟ್, ಹಳೆಯ 32-ಬಿಟ್ ಪ್ರೋಗ್ರಾಂನದ್ದೂ 16. ಕಮಾಂಡ್ ನಂಬರ್ ಹಳೆಯದೇ ಇಟ್ಟರೆ ಎರಡೂ ತಾಳೆಯಾಗಿ, ಎರರ್ ಇಲ್ಲದೆಯೇ ಹಳೆಯ ಪ್ರೋಗ್ರಾಂ ಮಾಪಕದ ನಂಬರ್ ಮತ್ತು ಸಮಯವನ್ನು ತಪ್ಪಾಗಿ ಓದುತ್ತದೆ. ಹೊಸದಕ್ಕೆ ಹೊಸ ನಂಬರ್ ಕೊಡಿ. ಹಳೆಯ 24 ಬೈಟಿನದ್ದನ್ನು ಇದ್ದ ಹಾಗೇ ಉಳಿಸಿ, ಹಳೆಯ 16ರದ್ದನ್ನು ಕಂಪ್ಯಾಟ್ ದಾರಿಯಲ್ಲಿ ಬೇರೆಯಾಗಿ ನೋಡಿಕೊಳ್ಳಿ.