ಪೆಟ್ಟು ತಿನ್ನುವ ಆಟಗಾರರಿಗೆ ಅಭಿಮಾನಿಗಳು ಗೌರವ ತೋರಿಸುವುದು ಹೇಗೆ?

ಬಾಕ್ಸಿಂಗ್, ಎಂಎಂಎ (ಹೊಡೆತ, ಕುಸ್ತಿ ಎರಡೂ ಬೆರೆತ ಮಿಶ್ರ ಸಮರಕಲೆ) ಇಂಥ ಪಂದ್ಯಗಳಲ್ಲಿ ಜೀವವನ್ನೇ ಪಣಕ್ಕಿಡುವವರಿಗೆ ಚಪ್ಪಾಳೆ ತಟ್ಟಿದರೆ ಸಾಕೇ ಎಂದು ಕೇಳಿದ್ದೀರಿ. ಗೆದ್ದವನಿಗೆ ಚಪ್ಪಾಳೆ ತಟ್ಟುವುದು ಎಲ್ಲರಿಗೂ ಸುಲಭ. ಒಬ್ಬ ಆಟಗಾರ ನೆಲ ತಟ್ಟಿ ಸೋಲೊಪ್ಪಿಕೊಂಡಾಗ, ಅಥವಾ ಅವನ ಕೋಚ್ ಪಂದ್ಯ ನಿಲ್ಲಿಸಿದಾಗ ನಮ್ಮ ಬಾಯಿಂದ ಯಾವ ಮಾತು ಬರುತ್ತದೆ ಎಂಬುದರಲ್ಲಿ ನಮ್ಮ ಗೌರವ ಕಾಣುತ್ತದೆ ಎಂದು ನಾನು ನಂಬಿದ್ದೇನೆ.

ನಾನು ವಿರಾಜಪೇಟೆಯವನು. ಅಮೆರಿಕದ ಶನಿವಾರ ರಾತ್ರಿಯ ಪಂದ್ಯಗಳು ನಮಗೆ ಭಾನುವಾರ ಬೆಳಿಗ್ಗೆ, ಕಾಫಿ ಕುಡಿಯುವ ಹೊತ್ತಿಗೆ ಬರುತ್ತವೆ. ಹಾಗೊಂದು ಬೆಳಿಗ್ಗೆ, ಸುತ್ತು ಮುಗಿದ ಮೇಲೆ ಸ್ಟೂಲಿನಿಂದ ಏಳದೆ ಕುಳಿತುಬಿಟ್ಟ ಒಬ್ಬನನ್ನು ನಾನು ಹೇಡಿ ಎಂದು ಜರೆದೆ. ಸೇನೆಯಲ್ಲಿದ್ದಾಗ ತಮ್ಮ ರೆಜಿಮೆಂಟಿನ ಪರವಾಗಿ ಬಾಕ್ಸಿಂಗ್ ಆಡಿದ್ದ ಚಿಕ್ಕಪ್ಪ ಟಿ.ವಿ.ಯ ಸದ್ದು ತಗ್ಗಿಸಿ, “ತಲೆಗೆ ಬಿದ್ದ ಪೆಟ್ಟು ಆಗ ನೋಯುವುದೇ ಇಲ್ಲ ಮಗಾ, ಕಾಲು ನಮ್ಮ ಮಾತು ಕೇಳುವುದನ್ನು ನಿಲ್ಲಿಸುತ್ತದೆ ಅಷ್ಟೆ” ಎಂದರು. ಹೇಡಿ ಎಂಬ ಶಬ್ದವನ್ನು ನಾನು ಮತ್ತೆ ಬಳಸಿಲ್ಲ.

1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಮೆರಿಕದ ಬಾಕ್ಸರ್‌ಗಳಾದ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೂರನೆಯ ಬಾರಿ ಎದುರಾದಾಗ, ಹದಿನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಫ್ರೇಜಿಯರ್ ಮುಖ ಊದಿ, ಬರುವ ಹೊಡೆತ ಕಣ್ಣಿಗೆ ಕಾಣದಂತಾಗಿತ್ತು. ಉಳಿದದ್ದು ಒಂದೇ ಸುತ್ತು. ಅವರು ಬೇಡವೆಂದರೂ ಕೇಳದೆ ಕೋಚ್ ಎಡ್ಡಿ ಫ್ಯೂಚ್ ಪಂದ್ಯ ನಿಲ್ಲಿಸಿದರು. ಆ ಸೋಲಿನಿಂದ ಫ್ರೇಜಿಯರ್ ಹೆಸರಿಗೆ ಎಳ್ಳಷ್ಟೂ ಕುಂದು ಬರಲಿಲ್ಲ. ಆ ದಿನವನ್ನು ನೆನೆಯುವವರು ಇಬ್ಬರನ್ನೂ ಒಟ್ಟಿಗೇ ನೆನೆಯುತ್ತಾರೆ. ಏಳು ವರ್ಷಗಳ ನಂತರ, 1982ರ ನವೆಂಬರ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿಯ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಅದೇ ಹದಿನಾಲ್ಕನೆಯ ಸುತ್ತಿನಲ್ಲಿ ಕುಸಿದು ಬಿದ್ದರು, ಮೆದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದಾದ ಮೇಲೆಯೇ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪ್ರಶಸ್ತಿ ಪಂದ್ಯಗಳನ್ನು ಹದಿನೈದು ಸುತ್ತುಗಳಿಂದ ಹನ್ನೆರಡಕ್ಕೆ ಇಳಿಸಿತು. ಮೂರು ಸುತ್ತು ಕಡಿಮೆಯಾಗಲು ಒಂದು ಜೀವವೇ ಹೋಗಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ನಮ್ಮ ಕೊಡಗಿನಲ್ಲಿ ಪುತ್ತರಿ ಎಂಬ ಸುಗ್ಗಿ ಹಬ್ಬದ ಸಮಯದಲ್ಲಿ ಮಂದ್‌ಗಳಲ್ಲಿ, ಅಂದರೆ ಊರಿನ ಬಯಲುಗಳಲ್ಲಿ, ನಡೆಯುವ ಪರಿಯಕಳಿಯನ್ನು ನೀವು ಒಮ್ಮೆ ನೋಡಬೇಕು. ಬೆತ್ತ, ಗುರಾಣಿ ಹಿಡಿದ ಇಬ್ಬರು ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಆಟದ ಬಿಸಿ ಏರಿದರೆ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ, ಕೊನೆಯಲ್ಲಿ ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಬಾಸುಂಡೆ ಎದ್ದ ಕಾಲಿನಲ್ಲಿ ಹಿಂದಿರುಗುವವನನ್ನು ನೋಡಿ ಯಾರಾದರೂ ನಕ್ಕದ್ದನ್ನು ನಾನು ಕಂಡಿಲ್ಲ, ಹಿರಿಯರು ಬೇಗ ಬಿಡಿಸಿದರು ಎಂದು ಯಾರಾದರೂ ಗೊಣಗಿದ್ದನ್ನೂ ಕೇಳಿಲ್ಲ.

ಆದ್ದರಿಂದ ರೆಫರಿ ಸ್ವಲ್ಪ ಬೇಗ ಪಂದ್ಯ ನಿಲ್ಲಿಸಿದರು ಅನ್ನಿಸಿದರೂ ಅವರನ್ನು ಬೈಯಬೇಡಿ. ಒಂದು ಪೆಟ್ಟಿನಿಂದ ಮೆದುಳು ಚೇತರಿಸಿಕೊಳ್ಳುವ ಮೊದಲೇ ಬೀಳುವ ಇನ್ನೊಂದು ಪೆಟ್ಟು ಬಹಳ ಅಪಾಯಕಾರಿ, ಆಟಗಾರನ ಕಣ್ಣನ್ನು ಹತ್ತಿರದಿಂದ ನೋಡುತ್ತಿರುವವರು ಅವರೊಬ್ಬರೇ. ಪ್ರಜ್ಞೆ ತಪ್ಪಿ ಬಿದ್ದವನ ತುಣುಕು ವಿಡಿಯೊಗಳನ್ನು ನಗೆಯ ಚಿತ್ರಗಳೊಂದಿಗೆ ಹಂಚಬೇಡಿ. ಒಳ್ಳೆಯ ಹೊಡೆತವನ್ನು ಮೆಚ್ಚುವುದು ತಪ್ಪಲ್ಲ, ನಾನೂ ಮೆಚ್ಚುತ್ತೇನೆ. ಆದರೆ ಬಿದ್ದವನು ಎದ್ದು ಕುಳಿತು ವೈದ್ಯರ ಪ್ರಶ್ನೆಗೆ ಉತ್ತರ ಕೊಡುವವರೆಗೆ ನಮ್ಮ ಮನೆಯಲ್ಲಿ ಈಗ ಯಾರೂ ಕೂಗುವುದಿಲ್ಲ, ಚಿಕ್ಕಪ್ಪ ಬಾರದ ಭಾನುವಾರಗಳಲ್ಲಿ ಕೂಡ.