ಗಣಿತದಲ್ಲಿ ಕಡಿಮೆ ಅಂಕ ಬಂದಿದ್ದರೆ ಕಾಮರ್ಸ್ ತಗೊಂಡು ಅಕೌಂಟ್ಸ್ ಓದಬಹುದಾ?

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 41 ಬಂದಿದೆ, ಪಿಯುಸಿ ಕಾಮರ್ಸ್, ಆಮೇಲೆ ಬಿ.ಕಾಂ. ಮಾಡಬೇಕೆಂದಿದ್ದೇನೆ, ಅಕೌಂಟ್ಸ್ ಕೈಹತ್ತುತ್ತದಾ ಎಂದು ಕೇಳಿದ್ದೀರಿ. ಹತ್ತುತ್ತದೆ, ಧೈರ್ಯವಾಗಿ ಸೇರಿ. ಆಡಿಟರ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತ್ರಿಕೋನಮಿತಿ ಒಂದು ದಿನವೂ ಬೇಕಾಗಿಲ್ಲ.

ಆದರೆ ಶೇಕಡಾ ಮತ್ತು ಅನುಪಾತ ಗಟ್ಟಿ ಇರಬೇಕು. 18% ಜಿಎಸ್‌ಟಿ ಸೇರಿ ಬಿಲ್ಲು 1,180 ರೂಪಾಯಿ ಎಂದಿಟ್ಟುಕೊಳ್ಳಿ. ತೆರಿಗೆ ಎಷ್ಟು? ಹೊಸದಾಗಿ ಬಂದ ಹುಡುಗರು 1,180ಕ್ಕೇ 18% ಹಾಕಿ 212 ಚಿಲ್ಲರೆ ಎನ್ನುತ್ತಾರೆ. ಸರಿಯಾದದ್ದು 180, ಯಾಕೆಂದರೆ ತೆರಿಗೆ ಹಾಕಿದ್ದು 1,000 ರೂಪಾಯಿ ಮೂಲ ಬೆಲೆಯ ಮೇಲೆ. ಅವರಿಗೆ ಗುಣಾಕಾರ ಬರುತ್ತದೆ, ಯಾವ ಮೊತ್ತದ ಮೇಲೆ ಶೇಕಡಾ ಎಂಬುದನ್ನು ನೋಡಿಲ್ಲ ಅಷ್ಟೆ.

ನಿಜವಾದ ತೊಡಕು ಬೇರೆ ಕಡೆ ಇದೆ. ನನಗೆ ಗಣಿತದಲ್ಲಿ ಒಳ್ಳೆಯ ಅಂಕವೇ ಬಂದಿತ್ತು, ಆದರೂ ಮೊದಲ ಪಿಯುಸಿಯಲ್ಲಿ ತಿಂಗಳುಗಟ್ಟಲೆ ಡೆಬಿಟ್-ಕ್ರೆಡಿಟ್ ತಲೆಗೆ ಹೋಗಲಿಲ್ಲ. ಬ್ಯಾಂಕಿಗೆ ಕಟ್ಟಿದ ಹಣ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್, ಅಂಗಡಿಯ ಪುಸ್ತಕದಲ್ಲಿ ಅದೇ ಹಣ ಡೆಬಿಟ್. ಬ್ಯಾಂಕು ತನ್ನ ಕಡೆಯಿಂದ ಬರೆಯುತ್ತದೆ, ನಾವು ನಮ್ಮ ಕಡೆಯಿಂದ. ಬ್ಯಾಂಕಿಗೆ ಆ ಹಣ ನಮಗೆ ಕೊಡಬೇಕಾದ ಬಾಕಿ, ನಮಗೆ ಅದು ಆಸ್ತಿ. ಇದು ಹೊಳೆದ ದಿನ ಉಳಿದ ಪಾಠಗಳೂ ಹಗುರಾದವು. ಇಲ್ಲಿ ಬೇಕಾದದ್ದು ಲೆಕ್ಕದ ಚುರುಕಲ್ಲ, ವ್ಯವಹಾರವನ್ನು ಕಣ್ಣ ಮುಂದೆ ತಂದುಕೊಳ್ಳುವ ಅಭ್ಯಾಸ.

ತಾಳ್ಮೆಯೂ ಬೇಕು. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತ ಸಮವಿದೆಯೇ ಎಂದು ನೋಡುವ ಪಟ್ಟಿ) ತಾಳೆಯಾಗದೆ 900 ರೂಪಾಯಿ ವ್ಯತ್ಯಾಸ ಬಂದರೆ ನಾನು ಮೊದಲು 9ರಿಂದ ಭಾಗಿಸಿ ನೋಡುತ್ತೇನೆ. ಶೇಷ ಉಳಿಯದಿದ್ದರೆ ಯಾರೋ ಅಂಕಿ ಅದಲುಬದಲು ಮಾಡಿ 5,400 ಬರೆಯುವಲ್ಲಿ 4,500 ಬರೆದಿರಬಹುದು. ಇಂಥವೆಲ್ಲ ಕೆಲಸ ಮಾಡುತ್ತಾ ಬರುತ್ತವೆ.

ಸಿಎ ಮಾಡುವ ಆಸೆಯಿದ್ದರೆ ಮಾತ್ರ ಮಾತು ಬೇರೆ. ಅದರ ಮೊದಲ ಹಂತದ ಪರೀಕ್ಷೆಯಾದ ಫೌಂಡೇಶನ್‌ನ ಮೂರನೇ ಪತ್ರಿಕೆಯ 100 ಅಂಕದಲ್ಲಿ ಬಿಸಿನೆಸ್ ಗಣಿತಕ್ಕೆ 40, ಸಂಖ್ಯಾಶಾಸ್ತ್ರಕ್ಕೆ 40, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಹಾಗಾಗಿ ಪಿಯುಸಿಯಲ್ಲಿ ಇತಿಹಾಸದ ಬದಲು ಸ್ಟ್ಯಾಟಿಸ್ಟಿಕ್ಸ್ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ತಗೊಳ್ಳಿ.

ಕಾಲೇಜು ಶುರುವಾಗುವ ಮೊದಲು ಏಳು, ಎಂಟನೇ ತರಗತಿಯ ಗಣಿತ ಪುಸ್ತಕ ತೆಗೆದು ಶೇಕಡಾ, ಲಾಭ-ನಷ್ಟ, ಬಡ್ಡಿ, ಅನುಪಾತದ ಲೆಕ್ಕಗಳನ್ನು ಕ್ಯಾಲ್ಕುಲೇಟರ್ ಮುಟ್ಟದೆ ಮಾಡಿ. ಎಲ್ಲಿ ಸಿಕ್ಕಿಕೊಂಡಿರೋ ಇಲ್ಲೇ ಬರೆಯಿರಿ, ಬಿಡಿಸಿ ಹೇಳುತ್ತೇನೆ.